ಮಿಲ್ವಾಕಿಯಲ್ಲಿ ಇನ್ನೂ ಬ್ರೇವ್ಸ್ ಟೋಪಿ ಹಾಕ್ಕೊಂಡು ಓಡಾಡ್ತಾರಲ್ಲ, ಯಾಕೆ?

ಹೇಮಾವತಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಮಿಲ್ವಾಕಿಗೆ ಬಂದು ಎರಡು ವರ್ಷ ಆಯಿತು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಬೇಸಿಗೆಯಲ್ಲಿ ಸಂಜೆಯಾದರೆ ಸಾಕು, ಗ್ಯಾರೇಜ್ ಬಾಗಿಲು ಮೇಲೆತ್ತಿ, ಮಡಚುವ ಕುರ್ಚಿ ಹಾಕಿಕೊಂಡು ರೇಡಿಯೊ ಹಚ್ಚಿ ಕೂರುತ್ತಾರೆ. ಈ ಊರಿನ ಬ್ರೂವರ್ಸ್ ತಂಡದ ಬೇಸ್‌ಬಾಲ್ ಪಂದ್ಯ ಕೇಳುತ್ತಾರೆ. ಆದರೆ ತಲೆ ಮೇಲಿರುವುದು ಬ್ರೂವರ್ಸ್ ಟೋಪಿ ಅಲ್ಲ. ಕಡುನೀಲಿ ಬಟ್ಟೆ, ಮುಂದೆ ಕೆಂಪು ಅಂಚು, ಹಣೆ ಮೇಲೆ ಬಿಳಿ ದಾರದಲ್ಲಿ ಹೊಲಿದ 'ಎಂ'. ಆ ದಾರ ಒಂದು ಕಡೆ ಸವೆದು ಬಟ್ಟೆ ಕಾಣುತ್ತದೆ, ಒಳಗಿನ ಪಟ್ಟಿ ಬೆವರಿಗೆ ಕಂದು ಬಣ್ಣಕ್ಕೆ ತಿರುಗಿದೆ.

ಕೇಳಿದೆ. "ಬ್ರೇವ್ಸ್" ಅಂದರು. "ಬ್ರೇವ್ಸ್ ಅಟ್ಲಾಂಟಾದ ತಂಡ ಅಲ್ವಾ?" ಅಂದೆ. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮದಾಗಿತ್ತು" ಅಂದು ರೇಡಿಯೊ ಸದ್ದು ಜಾಸ್ತಿ ಮಾಡಿದರು.

ಬೇಜಾರು ಮಾಡಿಬಿಟ್ಟೆನೇನೋ ಅಂತ ಅವತ್ತಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಗೊತ್ತಿರುವವರು ಈ ಊರಿನ ಆಟಗಳ ಕಥೆ ಹೇಳ್ತೀರಾ? ಮುಂದಿನ ಸಲ ಅವರ ಹತ್ತಿರ ಸರಿಯಾಗಿ ಮಾತಾಡಬೇಕು.

ಮೂವತ್ತು ಚಳಿಗಾಲ:

ತಂಗಿ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಈ ಊರಿಗೆ ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ.

1953ರವರೆಗೆ ಇಲ್ಲಿದ್ದದ್ದು ಕೆಳಗಿನ ದರ್ಜೆಯ ತಂಡ. ಅದರ ಹೆಸರೂ ಬ್ರೂವರ್ಸ್ ಅಂತಲೇ. ಬೋರ್ಚರ್ಟ್ ಫೀಲ್ಡ್ ಅನ್ನೋ ಹಳೇ ಮರದ ಮೈದಾನದಲ್ಲಿ ಆಡುತ್ತಿದ್ದರು. ಊರಿನವರಿಗೆ ಅಷ್ಟರಲ್ಲಿ ತೃಪ್ತಿ ಇರಲಿಲ್ಲ. ದೊಡ್ಡ ಲೀಗಿನ ತಂಡ ಬಂದರೆ ಬರಲಿ ಅಂತ, ತಂಡವೇ ಇಲ್ಲದಾಗ ಕೌಂಟಿಯ, ಅಂದರೆ ಜಿಲ್ಲೆಯ, ದುಡ್ಡಿನಲ್ಲಿ ಕೌಂಟಿ ಸ್ಟೇಡಿಯಂ ಕಟ್ಟಿಸಿದರು.

ಬಾಸ್ಟನ್ನಿನ ಬ್ರೇವ್ಸ್ ತಂಡಕ್ಕೆ ಅಲ್ಲಿ ಜನವೇ ಬರುತ್ತಿರಲಿಲ್ಲ. ಮಾಲೀಕ ಲೂ ಪೆರಿನಿ 1953ರ ಮಾರ್ಚ್ 18ರಂದು ಲೀಗಿನ ಒಪ್ಪಿಗೆ ತೆಗೆದುಕೊಂಡು ತಂಡವನ್ನು ಇಲ್ಲಿಗೆ ತಂದ. ಸೀಸನ್ ಶುರುವಾಗಲು ನಾಲ್ಕು ವಾರವೂ ಇರಲಿಲ್ಲ. ಊರು ಅವರನ್ನು ಮದುವೆ ಗಂಡಿನ ಹಾಗೆ ಬರಮಾಡಿಕೊಂಡಿತು. ಆಟಗಾರರಿಗೆ ಓಡಾಡಲು ಕಾರು, ಮನೆಗೆ ಹಾಲು, ಬಿಯರ್, ಬಟ್ಟೆ ಒಗೆದು ಕೊಡೋದು ಎಲ್ಲಾ ಅಂಗಡಿಯವರ ಲೆಕ್ಕದಲ್ಲಿ. ಏಪ್ರಿಲ್ 14ಕ್ಕೆ ಮೊದಲ ತವರು ಪಂದ್ಯ. ಹತ್ತನೇ ಇನ್ನಿಂಗ್ಸ್‌ನಲ್ಲಿ ಬಿಲ್ ಬ್ರೂಟನ್ ಹೊಡೆದ ಚೆಂಡು ಎದುರಾಳಿಯ ಕೈಗವಸಿಗೆ ತಾಗಿ ಬೇಲಿ ದಾಟಿತು. 3-2ರಲ್ಲಿ ಗೆಲುವು. ಬಾಸ್ಟನ್ನಿನಲ್ಲಿ ಖಾಲಿ ಬೆಂಚುಗಳ ಮುಂದೆ ಆಡಿದ್ದ ತಂಡವನ್ನು ಆ ವರ್ಷ ಇಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಮರುವರ್ಷ 20 ಲಕ್ಷ ದಾಟಿತು.

1957ರಲ್ಲಂತೂ ಕೇಳಲೇಬೇಡಿ. ಚೆಂಡು ಎಸೆಯುವ ಪಿಚರ್ ವಾರನ್ ಸ್ಪಾನ್, ಎಡಗೈ ಬ್ಯಾಟರ್ ಎಡ್ಡಿ ಮ್ಯಾಥ್ಯೂಸ್, ಜೊತೆಗೆ 23 ವರ್ಷದ ಹ್ಯಾಂಕ್ ಆರನ್. ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಲ್ಯೂ ಬರ್ಡೆಟ್ ಒಬ್ಬನೇ ಮೂರು ಪಂದ್ಯ ಗೆದ್ದುಕೊಟ್ಟ. ನಿಮ್ಮ ಪಕ್ಕದ ಮನೆ ಅಜ್ಜ ಆಗ ಹತ್ತು ಹನ್ನೆರಡು ವರ್ಷದ ಹುಡುಗ. ಆ ವಯಸ್ಸಿನಲ್ಲಿ ಕಂಡದ್ದನ್ನು ಯಾರು ಮರೀತಾರೆ ಹೇಳಿ?

ಸ್ಕೋರ್ ಪುಸ್ತಕ:

ಕ್ರಿಕೆಟ್ ಪ್ರಿಯರಿಗೆ ಒಂದು ಮಾತು ಸೇರಿಸ್ತೀನಿ. 1959ರ ಮೇ 26ರಂದು ಇದೇ ಕೌಂಟಿ ಸ್ಟೇಡಿಯಂನಲ್ಲಿ ಪಿಟ್ಸ್‌ಬರ್ಗ್‌ನ ಹಾರ್ವೆ ಹ್ಯಾಡಿಕ್ಸ್ 12 ಇನ್ನಿಂಗ್ಸ್ ಎಸೆದ. ಬಂದ 36 ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ, ಎಲ್ಲರೂ ಔಟ್. ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್ ಹಾಗೆ ಎಸೆದರೆ ಅದೇ ಜೀವಮಾನದ ಸಾಧನೆ. ಅವನ ತಂಡ ಒಂದೇ ಒಂದು ರನ್ ಹೊಡೆಯಲಿಲ್ಲ. 13ನೇ ಇನ್ನಿಂಗ್ಸ್‌ನಲ್ಲಿ ಬ್ರೇವ್ಸ್ 1-0ಯಲ್ಲಿ ಗೆದ್ದುಬಿಟ್ಟರು. ಆ ಸ್ಕೋರ್ ಕಾರ್ಡ್ ನೋಡಿದಾಗಲೆಲ್ಲ ಹ್ಯಾಡಿಕ್ಸ್‌ಗಾಗಿ ಹೊಟ್ಟೆ ಚುರುಕ್ ಅನ್ನುತ್ತೆ.

ಚುರುಮುರಿ:

ಒಂದು ಅನುಮಾನ. ಅಜ್ಜ "ನಮ್ಮದಾಗಿತ್ತು" ಅಂದರಲ್ಲ, ಅದು ಬಾಸ್ಟನ್ನಿನವರದ್ದೂ ಆಗಿತ್ತಲ್ಲ? ಮಿಲ್ವಾಕಿ ಬಾಸ್ಟನ್ನಿನಿಂದ ತಂದಿತು, ಅಟ್ಲಾಂಟಾ ಮಿಲ್ವಾಕಿಯಿಂದ ತೆಗೆದುಕೊಂಡು ಹೋಯಿತು. ಇದರಲ್ಲಿ ಯಾರನ್ನು ದೂರೋದು?

ಮೂವತ್ತು ಚಳಿಗಾಲ:

ನ್ಯಾಯವಾದ ಪ್ರಶ್ನೆ. ಬಾಸ್ಟನ್ನಿನಲ್ಲೂ ಅತ್ತವರು ಇದ್ದೇ ಇರುತ್ತಾರೆ. ಆದರೆ ಅಲ್ಲಿ ರೆಡ್ ಸಾಕ್ಸ್ ಉಳಿದುಕೊಂಡಿತು. ಇಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದು ವಿಷಯ, ಮಿಲ್ವಾಕಿಯಲ್ಲಿ ಆಡಿದ 13 ಸೀಸನ್‌ನಲ್ಲಿ ಬ್ರೇವ್ಸ್ ಒಂದು ಸಲವೂ ಗೆಲುವಿಗಿಂತ ಸೋಲು ಜಾಸ್ತಿ ಮಾಡಿಕೊಳ್ಳಲಿಲ್ಲ. ಚೆನ್ನಾಗಿ ಆಡುತ್ತಿದ್ದ ತಂಡ ಹೊರಟುಹೋಯಿತು ಅನ್ನೋದೇ ನುಂಗಲಾರದ ತುತ್ತು.

ಯಾಕೆ ಹೋಯಿತು ಅಂದರೆ ನಕ್ಷೆ ತೆಗೆದು ನೋಡಿ. ಪೂರ್ವಕ್ಕೆ ಮಿಷಿಗನ್ ಸರೋವರ. ದಕ್ಷಿಣಕ್ಕೆ ಒಂದೂವರೆ ಗಂಟೆ ದೂರದಲ್ಲಿ ಶಿಕಾಗೊ, ಅಲ್ಲಿ ಎರಡು ತಂಡ. ಪಶ್ಚಿಮದಲ್ಲಿ 1961ಕ್ಕೆ ಮಿನ್ನೆಸೋಟಾ ಟ್ವಿನ್ಸ್ ಬಂದು ಆ ಕಡೆಯ ಜನರನ್ನು ಸೆಳೆದುಕೊಂಡಿತು. ಅದೇ ವರ್ಷ ಮನೆಯಿಂದ ಬಿಯರ್ ತರಬಾರದು ಅಂತ ನಿಯಮ ಮಾಡಿದರು. ಬಿಯರ್ ತಯಾರಿಸುವ ಊರಿನಲ್ಲಿ! ಜನಕ್ಕೆ ಅದು ತುಂಬಾ ನೋವಾಯಿತು. 1962ರಲ್ಲಿ ಪೆರಿನಿ ತಂಡವನ್ನು ಶಿಕಾಗೊದವರ ಗುಂಪಿಗೆ ಮಾರಿದ. ಅವರ ಕಣ್ಣು ಅಟ್ಲಾಂಟಾದ ಟಿವಿ ಮಾರುಕಟ್ಟೆ ಮೇಲೆ. ದಕ್ಷಿಣದಲ್ಲಿ ಅಷ್ಟು ದೂರಕ್ಕೂ ಬೇರೆ ತಂಡವೇ ಇರಲಿಲ್ಲ.

ಕೋರ್ಟು ತಡೆದದ್ದರಿಂದ 1965 ಪೂರ್ತಿ ಇಲ್ಲೇ ಆಡಬೇಕಾಯಿತು. ಹೋಗುವುದು ಖಚಿತವಾದ ತಂಡವನ್ನು ಯಾರು ನೋಡ್ತಾರೆ? ಇಡೀ ವರ್ಷಕ್ಕೆ ಐದೂವರೆ ಲಕ್ಷ ಜನ ಬಂದರು. ಸೆಪ್ಟೆಂಬರ್ 22ರ ಕೊನೆಯ ತವರು ಪಂದ್ಯಕ್ಕೆ ಸುಮಾರು ಹನ್ನೆರಡೂವರೆ ಸಾವಿರ. ತಂಡ ಹೋದ ಮೇಲೂ ವಿಸ್ಕಾನ್ಸಿನ್ ರಾಜ್ಯದ ದಾವೆ ನಡೆಯಿತು. ಕೆಳಗಿನ ಕೋರ್ಟಿನಲ್ಲಿ ಗೆದ್ದು, ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ 4-3ರಲ್ಲಿ ಸೋತರು. ಒಂದೇ ಒಂದು ಮತದಲ್ಲಿ ಸೋಲು.

ಸ್ಕೋರ್ ಪುಸ್ತಕ:

ಬ್ರೂವರ್ಸ್ ಬಂದ ಕಥೆ ನನಗೆ ಬಿಡಿ, ಅದು ನನಗೆ ಪ್ರಾಣ.

ಬಡ್ ಸೀಲಿಗ್ ಅಂತ ಕಾರು ಮಾರುವ ಮನೆತನದ ಸ್ಥಳೀಯ ಹುಡುಗ. ಬ್ರೇವ್ಸ್‌ನಲ್ಲಿ ಅವನದೂ ಷೇರು ಇತ್ತು. ತಂಡ ಹೋದಾಗ ಬೇರೆ ತಂಡ ತಂದೇ ತರುತ್ತೇನೆ ಅಂತ ಹಟ ಹಿಡಿದ. ಇಲ್ಲಿ ಜನ ಬರ್ತಾರೆ ಅಂತ ತೋರಿಸಲು ಶಿಕಾಗೊ ವೈಟ್ ಸಾಕ್ಸ್ ತಂಡವನ್ನು ಒಪ್ಪಿಸಿ 1968ರಲ್ಲಿ ಒಂಬತ್ತು, 1969ರಲ್ಲಿ ಹನ್ನೊಂದು ಪಂದ್ಯ ಇಲ್ಲೇ ಆಡಿಸಿದ. ಜನ ತುಂಬಿ ಬಂದರು. ಆದರೂ 1969ರಿಂದ ಆಡುವ ಹೊಸ ತಂಡಗಳನ್ನು ಹಂಚಿದಾಗ ಮಿಲ್ವಾಕಿಗೆ ಸಿಗಲಿಲ್ಲ, ಸಿಯಾಟಲ್‌ಗೆ ಸಿಕ್ಕಿತು.

ಸಿಯಾಟಲ್ ಪೈಲಟ್ಸ್ ಒಂದೇ ವರ್ಷಕ್ಕೆ ದಿವಾಳಿ ಎದ್ದಿತು. 1970ರ ಮಾರ್ಚ್ 31ರಂದು ಕೋರ್ಟು ತಂಡವನ್ನು ಸೀಲಿಗ್ ಗುಂಪಿಗೆ ಮಾರಲು ಒಪ್ಪಿತು. ಬೆಲೆ 10.8 ಮಿಲಿಯನ್ ಡಾಲರ್. ಮೊದಲ ಪಂದ್ಯ ಏಪ್ರಿಲ್ 7ಕ್ಕೆ. ಮಧ್ಯೆ ಆರೇ ದಿನ! ಹೊಸ ಜರ್ಸಿ ಹೊಲಿಸಲು ಸಮಯ ಎಲ್ಲಿ? ಪೈಲಟ್ಸ್ ಜರ್ಸಿಯ ಎದೆ ಮೇಲಿನ ಅಕ್ಷರ ಬಿಚ್ಚಿ, ಅದೇ ಜಾಗದಲ್ಲಿ 'ಬ್ರೂವರ್ಸ್' ಅಂತ ಹೊಲಿದರು. ತೋಳಿನ ಪಟ್ಟಿ ಪೈಲಟ್ಸ್‌ದೇ ಉಳಿಯಿತು. ಮೊದಲ ಪಂದ್ಯ 12-0ಯಲ್ಲಿ ಸೋತರು. 37 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ಸೋತರೂ ಚಪ್ಪಾಳೆ ನಿಲ್ಲಲಿಲ್ಲವಂತೆ. ನಾಲ್ಕು ವರ್ಷ ಖಾಲಿ ಮೈದಾನ ಕಂಡವರಿಗೆ 12-0 ಯಾವ ಲೆಕ್ಕ?

ಹ್ಯಾಂಕ್ ಆರನ್ ಕೊನೆಯ ಎರಡು ವರ್ಷ ಆಡಲು ವಾಪಸ್ ಈ ಊರಿಗೇ ಬಂದ. ಅವನ 755ನೇ, ಅಂದರೆ ಕೊನೆಯ ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) 1976ರ ಜುಲೈ 20ರಂದು ಕೌಂಟಿ ಸ್ಟೇಡಿಯಂನಲ್ಲಿ. ಈ ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಸಲ ಬರುತ್ತದೆ.

ಹೇಮಾವತಿ ದಂಡೆ:

ಅಬ್ಬಾ, ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರಲಿಲ್ಲ. ನಿನ್ನೆ ಸಂಜೆ ಅಜ್ಜನ ಹತ್ತಿರ ಹೋಗಿ ಜರ್ಸಿ ವಿಷಯ ತೆಗೆದೆ. ಮುಖ ಅರಳಿತು. ಇನ್ನೊಂದು ಮಡಚುವ ಕುರ್ಚಿ ತಂದು ಹಾಕಿದರು. ಬಾಬ್ ಯೂಕರ್ ಬಗ್ಗೆ ತುಂಬಾ ಹೊತ್ತು ಮಾತಾಡಿದರು. ನಾವು ಬಂದ ವರ್ಷ ರೇಡಿಯೊದಲ್ಲಿ ಕೇಳುತ್ತಿದ್ದ ದನಿ ಅವರದ್ದೇ ಅಂತೆ.

ಮೂವತ್ತು ಚಳಿಗಾಲ:

ಹೌದು ತಂಗಿ. ಯೂಕರ್ ಇದೇ ಊರಲ್ಲಿ ಹುಟ್ಟಿ, ಬ್ರೇವ್ಸ್‌ಗೆ ಆಡಿ, 1971ರಿಂದ 2024ರವರೆಗೆ ಬ್ರೂವರ್ಸ್ ಪಂದ್ಯ ಹೇಳಿದರು. 2025ರ ಜನವರಿಯಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಬೇಸಿಗೆ ಎಷ್ಟೋ ಗ್ಯಾರೇಜ್‌ಗಳಲ್ಲಿ ರೇಡಿಯೊ ಹಚ್ಚಲು ಜನಕ್ಕೆ ಮನಸ್ಸೇ ಬರಲಿಲ್ಲ. ನಿಮ್ಮ ಅಜ್ಜ ಹಚ್ಚಿದ್ದಾರಲ್ಲ, ಅದೇ ಸಂತೋಷ.

ಕೊನೇ ಬೆಂಚು:

ಬಾಸ್ಕೆಟ್‌ಬಾಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಾನು ಹೇಳ್ತೀನಿ.

ಮಿಲ್ವಾಕಿಯಲ್ಲಿ ಮೊದಲು ಹಾಕ್ಸ್ ಅಂತ ತಂಡ ಇತ್ತು. 1955ರಲ್ಲಿ ಸೇಂಟ್ ಲೂಯಿಸ್‌ಗೆ ಹೋಯಿತು. ಈಗ ಅದೂ ಅಟ್ಲಾಂಟಾದಲ್ಲೇ ಇದೆ, ನೋಡಿ! ಬಕ್ಸ್ ಶುರುವಾದದ್ದು 1968ರಲ್ಲಿ. ಮೊದಲ ವರ್ಷ 27 ಗೆಲುವು, 55 ಸೋಲು. ಅದೇ ವರ್ಷ ಶುರುವಾದ ಫೀನಿಕ್ಸ್ ಸನ್ಸ್ ಇನ್ನೂ ಕೆಟ್ಟದಾಗಿ ಆಡಿತ್ತು. ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ ಯಾರಿಗೆ ಅಂತ ಈ ಎರಡು ತಂಡಗಳ ನಡುವೆ ಟಾಸ್. ಹೆಡ್ ಕೇಳಬೇಕಾ ಟೇಲ್ ಕೇಳಬೇಕಾ ಅಂತ ಫೀನಿಕ್ಸ್‌ನವರು ತಮ್ಮ ಅಭಿಮಾನಿಗಳ ಮತ ಕೇಳಿದರು. ಜನ ಹೆಡ್ ಅಂದರು. ಬಿದ್ದದ್ದು ಟೇಲ್. ಹಾಗೆ ಮಿಲ್ವಾಕಿಗೆ ಸಿಕ್ಕಿದ ಹುಡುಗ ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್-ಜಬ್ಬಾರ್.

1970ರಲ್ಲಿ ಸಿನ್ಸಿನಾಟಿಯಿಂದ ಆಸ್ಕರ್ ರಾಬರ್ಟ್‌ಸನ್ ಬಂದ. 66 ಪಂದ್ಯ ಗೆದ್ದು, ಫೈನಲ್‌ನಲ್ಲಿ ಬಾಲ್ಟಿಮೋರ್ ತಂಡವನ್ನು 4-0 ಸೋಲಿಸಿ 1971ರಲ್ಲಿ ಚಾಂಪಿಯನ್. ಹುಟ್ಟಿದ ಮೂರನೇ ವರ್ಷಕ್ಕೆ! ಆದರೆ ಕರೀಂಗೆ ದೊಡ್ಡ ಊರು ಬೇಕಿತ್ತು. 1975ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ. ಅವನ ಬದಲಿಗೆ ಬಂದ ನಾಲ್ವರಲ್ಲಿ ಒಬ್ಬ ಜೂನಿಯರ್ ಬ್ರಿಡ್ಜ್‌ಮನ್. ಆಟ ಬಿಟ್ಟ ಮೇಲೆ ಹೋಟೆಲ್ ವ್ಯಾಪಾರದಲ್ಲಿ ದೊಡ್ಡ ಶ್ರೀಮಂತನಾಗಿ, 2024ರಲ್ಲಿ ಬಕ್ಸ್ ತಂಡದ 10% ಪಾಲು ಕೊಂಡ. ಮರುವರ್ಷ ತೀರಿಕೊಂಡ. ಅವನ 2ನೇ ನಂಬರ್ ಜರ್ಸಿಯನ್ನು ಇನ್ನು ಯಾರೂ ಹಾಕುವ ಹಾಗಿಲ್ಲ.

ನೀಲಿ ಸ್ವೆಟರ್:

ನಾನು ಇದೇ ಊರಿನ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿ ಓದಿದವಳು. ನಮ್ಮ ಕಾಲೇಜನ್ನು ಬಿಟ್ಟು ಈ ಊರಿನ ಕಥೆ ಮುಗಿಸಬೇಡಿ ದಯವಿಟ್ಟು.

ಅಲ್ ಮೆಗ್ವೈರ್ ನ್ಯೂಯಾರ್ಕಿನವರು. 1964ರಲ್ಲಿ ನಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದರು. ತುಂಬಾ ನೇರ ಮನುಷ್ಯ. 1970ರಲ್ಲಿ ರಾಷ್ಟ್ರೀಯ ಟೂರ್ನಿಯಲ್ಲಿ ತಮ್ಮ ತಂಡವನ್ನು ದೂರದ ಟೆಕ್ಸಸ್‌ಗೆ ಹಾಕಿದರು ಅಂತ ಆಹ್ವಾನವನ್ನೇ ಬೇಡ ಅಂದರು. ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದ ಎನ್‌ಐಟಿ ಟೂರ್ನಿಗೆ ಹೋಗಿ ಅದನ್ನು ಗೆದ್ದು ಬಂದರು.

1976ರ ಡಿಸೆಂಬರ್‌ನಲ್ಲಿ ಇದೇ ನನ್ನ ಕೊನೆಯ ಸೀಸನ್ ಅಂದುಬಿಟ್ಟರು. ತಂಡ ಆ ವರ್ಷ ಏಳು ಪಂದ್ಯ ಸೋತಿತ್ತು. ಟೂರ್ನಿಗೆ ಕರೆಯುತ್ತಾರೋ ಇಲ್ಲವೋ ಅನ್ನೋ ಸ್ಥಿತಿ. ಸೆಮಿಫೈನಲ್‌ನಲ್ಲಿ ಕೊನೆಯ ಕ್ಷಣದಲ್ಲಿ ಬುಚ್ ಲೀ ಅಂಕಣದ ಆ ತುದಿಯಿಂದ ಈ ತುದಿಗೆ ಚೆಂಡು ಎಸೆದ, ಜೆರೋಮ್ ವೈಟ್‌ಹೆಡ್ ಬುಟ್ಟಿಗೆ ಹಾಕಿದ. 51-49. ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಎದುರು 67-59. ಗಡಿಯಾರದಲ್ಲಿ ಇನ್ನೂ ಸೆಕೆಂಡುಗಳು ಉಳಿದಿದ್ದವು. ಮೆಗ್ವೈರ್ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಆ ವಿಡಿಯೊ ಎಷ್ಟು ಸಲ ನೋಡಿದರೂ ನನ್ನ ಕಣ್ಣು ತುಂಬುತ್ತೆ. ಆ ಪಂದ್ಯ ನಡೆದದ್ದೂ ಅಟ್ಲಾಂಟಾದಲ್ಲಿ. ತಂಡ ಕಿತ್ತುಕೊಂಡ ಊರಿನಲ್ಲೇ ನಮ್ಮ ಹುಡುಗರು ಕಪ್ ಗೆದ್ದರು.

2003ರಲ್ಲಿ ಡ್ವೇನ್ ವೇಡ್ ಕೆಂಟಕಿ ವಿರುದ್ಧ 29 ಅಂಕ, 11 ರೀಬೌಂಡ್, 11 ಅಸಿಸ್ಟ್ ಮಾಡಿ ನಮ್ಮನ್ನು ಕೊನೆಯ ನಾಲ್ಕಕ್ಕೆ ಕರೆದುಕೊಂಡು ಹೋದ. ಫುಟ್‌ಬಾಲ್ ತಂಡವೂ ಇತ್ತು ನಮಗೆ. 1937ರ ಮೊದಲ ಕಾಟನ್ ಬೌಲ್ ಆಡಿದ ತಂಡ. 1960ರಲ್ಲಿ ಮುಚ್ಚಿದರು.

ಚುರುಮುರಿ:

ಎಲ್ಲಾ ಸರಿ. ಆದರೆ ದುಡ್ಡಿನ ಮಾತು ಆಡೋಣ. ಪ್ರತಿ ಸಲ ಸ್ಟೇಡಿಯಂ ಹಳತಾಯಿತು ಅನ್ನೋದು, ಹೊಸದು ಕಟ್ಟದಿದ್ದರೆ ಊರು ಬಿಡ್ತೀವಿ ಅನ್ನೋದು, ಕೊನೆಗೆ ತೆರಿಗೆ ಕಟ್ಟುವವರು ಕೊಡೋದು. ಇದು ಸರೀನಾ?

ಸ್ಕೋರ್ ಪುಸ್ತಕ:

ಈ ಊರಿನಷ್ಟು ಈ ವಿಷಯದಲ್ಲಿ ನೊಂದವರು ಕಡಿಮೆ. 1995ರಲ್ಲಿ ಬ್ರೂವರ್ಸ್‌ಗೆ ಹೊಸ ಮೈದಾನ ಬೇಕು ಅಂತ ಐದು ಕೌಂಟಿಗಳಲ್ಲಿ 0.1% ಮಾರಾಟ ತೆರಿಗೆ ಹಾಕುವ ಮಸೂದೆ ಬಂತು. ರೇಸೀನ್‌ನ ಸೆನೆಟರ್ ಜಾರ್ಜ್ ಪೆಟಾಕ್ ವಿರೋಧಿಸುತ್ತೇನೆ ಅಂದಿದ್ದವರು ಕೊನೆಗೆ ಮತ ಬದಲಾಯಿಸಿದರು. ಮಸೂದೆ 16-15ರಲ್ಲಿ ಪಾಸಾಯಿತು. ಮರುವರ್ಷ ರೇಸೀನ್ ಜನ ಮತ ಹಾಕಿ ಅವರನ್ನು ಮನೆಗೆ ಕಳಿಸಿದರು. ಮೈದಾನ ಕಟ್ಟುವಾಗ 1999ರ ಜುಲೈ 14ರಂದು 'ಬಿಗ್ ಬ್ಲೂ' ಅನ್ನೋ ದೈತ್ಯ ಕ್ರೇನ್ ಗಾಳಿಗೆ ಉರುಳಿ ಮೂವರು ಕೆಲಸಗಾರರು ಸತ್ತರು. ಮೈದಾನದ ಹೊರಗೆ ಅವರ ನೆನಪಿಗೆ ಶಿಲ್ಪ ಇದೆ. ಹೋದಾಗ ಒಂದು ನಿಮಿಷ ಅಲ್ಲಿ ನಿಲ್ಲಿ. 2001ರಲ್ಲಿ ಬಾಗಿಲು ತೆರೆಯಿತು. ತೆರಿಗೆ ನಿಂತದ್ದು 2020ರಲ್ಲಿ.

ನನ್ನ ಅಭಿಪ್ರಾಯ ಹೇಳಬೇಕು ಅಂದರೆ, ಬಡವರು ಸಾಮಾನು ಕೊಳ್ಳುವಾಗಲೂ ಕಟ್ಟುವ ತೆರಿಗೆಯಿಂದ ಮೈದಾನ ಕಟ್ಟಿದ್ದು ತಪ್ಪು. ತಂಡದ ಬೆಲೆ ಏರಿದಾಗ ಲಾಭ ಮಾಲೀಕರಿಗೆ ಹೋಗುತ್ತದೆ, ಜನರಿಗೆ ಬರಲ್ಲ.

ಕೊನೇ ಬೆಂಚು:

ಮಾಲೀಕರೆಲ್ಲ ಒಂದೇ ತರ ಅಲ್ಲ ಸರ್. ಹರ್ಬ್ ಕೋಲ್ ಇದೇ ಊರಿನವರು. 1985ರಲ್ಲಿ ಬಕ್ಸ್ ಊರು ಬಿಡುವ ಭಯ ಇದ್ದಾಗ 18 ಮಿಲಿಯನ್ ಡಾಲರ್‌ಗೆ ಕೊಂಡರು. 2014ರಲ್ಲಿ 550 ಮಿಲಿಯನ್‌ಗೆ ಮಾರುವಾಗ ತಂಡ ಇಲ್ಲೇ ಇರಬೇಕು ಅಂತ ಷರತ್ತು ಹಾಕಿದರು. ಹೊಸ ಕ್ರೀಡಾಂಗಣಕ್ಕೆ ಸ್ವಂತ 100 ಮಿಲಿಯನ್ ಕೊಟ್ಟರು. ಅದಕ್ಕೂ ಮುಂಚಿನ ಬ್ರಾಡ್ಲಿ ಸೆಂಟರ್ ಅಂತೂ ಜೇನ್ ಪೆಟಿಟ್ ಮತ್ತು ಅವರ ಗಂಡ ಊರಿಗೆ ಕೊಟ್ಟ ಉಡುಗೊರೆ.

ಸ್ಕೋರ್ ಪುಸ್ತಕ:

ಕೋಲ್ ಬಗ್ಗೆ ನನಗೂ ಅಪಾರ ಗೌರವ. ಆದರೆ ಆ ಹೊಸ ಕ್ರೀಡಾಂಗಣಕ್ಕೂ 250 ಮಿಲಿಯನ್ ಸರ್ಕಾರದ್ದೇ. 2023ರಲ್ಲಿ ಬ್ರೂವರ್ಸ್ ಮೈದಾನದ ದುರಸ್ತಿಗೆ ಮತ್ತೆ ಸುಮಾರು 500 ಮಿಲಿಯನ್ ಕೊಟ್ಟರು, ತಂಡ 2050ರವರೆಗೆ ಇಲ್ಲೇ ಇರುತ್ತದೆ ಅನ್ನೋ ಒಪ್ಪಂದದ ಮೇಲೆ. 1965 ನೆನಪಿದ್ದವರಿಗೆ ದುಡ್ಡು ಕೊಡಲ್ಲ ಅನ್ನೋದು ಕಷ್ಟ.

ಮೂವತ್ತು ಚಳಿಗಾಲ:

ನಾನಾಗಿದ್ದರೆ ಕೊಡ್ತಿದ್ದೆ. ಆದರೆ ನೀವು ಹೇಳುವ ಲೆಕ್ಕವನ್ನು ಅಲ್ಲಗಳೆಯಲ್ಲ.

ಇನ್ನೆರಡು ತಂಡ ಮರೆತಿದ್ದೀವಿ. 1944ರಲ್ಲಿ ಹೆಂಗಸರ ಬೇಸ್‌ಬಾಲ್ ಲೀಗಿನಲ್ಲಿ ಮಿಲ್ವಾಕಿ ಚಿಕ್ಸ್ ಅಂತ ತಂಡ ಬೋರ್ಚರ್ಟ್ ಫೀಲ್ಡ್‌ನಲ್ಲಿ ಆಡಿತು. ಒಂದೇ ವರ್ಷ, ಅದರಲ್ಲೇ ಚಾಂಪಿಯನ್. ಮರುವರ್ಷ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಸಾಗಿಸಿದರು. ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡವೂ 1933ರಿಂದ 1994ರವರೆಗೆ ವರ್ಷಕ್ಕೆ ಕೆಲವು ತವರು ಪಂದ್ಯ ಇಲ್ಲಿ ಆಡುತ್ತಿತ್ತು. ಕೌಂಟಿ ಸ್ಟೇಡಿಯಂನಲ್ಲಿ ಜಾಗ ಸಾಲದೆ ಎರಡೂ ತಂಡಗಳು ಒಂದೇ ಪಕ್ಕ ನಿಲ್ಲುತ್ತಿದ್ದವು.

ಕೊನೇ ಬೆಂಚು:

ಸ್ಕೋರ್ ಪುಸ್ತಕದವರು ಹೇಳಿದ ತಾರೀಖಿಗೆ ಬರ್ತೀನಿ. 2021ರ ಜುಲೈ 20. ಆರನ್ ಕೊನೆಯ ಹೋಂ ರನ್ ಹೊಡೆದು ಸರಿಯಾಗಿ 45 ವರ್ಷ. ಬಕ್ಸ್ ಆಡಿದ ಫೈನಲ್‌ನ ಆರನೇ ಪಂದ್ಯ, ಎದುರಿಗೆ ಅದೇ ಫೀನಿಕ್ಸ್, ಟಾಸ್ ಸೋತ ಫೀನಿಕ್ಸ್.

ಅದಕ್ಕೆ ಒಂದು ವರ್ಷ ಮುಂಚೆ ಇದೇ ಆಟಗಾರರು ಒಂದು ದೊಡ್ಡ ಕೆಲಸ ಮಾಡಿದ್ದರು. ಇಲ್ಲಿಂದ ಸುಮಾರು 60 ಕಿ.ಮೀ. ದೂರದ ಕೆನೋಶಾದಲ್ಲಿ ಪೊಲೀಸರು ಒಬ್ಬ ಕಪ್ಪು ಯುವಕನಿಗೆ ಗುಂಡು ಹೊಡೆದಾಗ, 2020ರ ಆಗಸ್ಟ್ 26ರಂದು ಬಕ್ಸ್ ಪ್ಲೇಆಫ್ ಪಂದ್ಯ ಆಡಲು ಅಂಕಣಕ್ಕೇ ಬರಲಿಲ್ಲ. ಅವತ್ತು ಬೇರೆ ತಂಡಗಳೂ ನಿಂತವು. ಆ ದಿನದಿಂದ ಈ ತಂಡದ ಮೇಲೆ ನನ್ನ ಪ್ರೀತಿ ಹೆಚ್ಚಾಯಿತು.

ಇನ್ನು ಆ ಫೈನಲ್. ಒಳಗೆ ಜಾಗ ಸಿಗದವರು ಹೊರಗಿನ ಬಯಲಿನಲ್ಲಿ ದೊಡ್ಡ ಪರದೆ ಮುಂದೆ ನಿಂತಿದ್ದೆವು, ಸುಮಾರು 65 ಸಾವಿರ ಜನ ಅಂದರು. ಬಕ್ಸ್ ಆಟಗಾರ ಯಾನಿಸ್ ಆಂಟೆಟೊಕೂಂಪೊ ಫ್ರೀ ಥ್ರೋ ಹಾಕೋದು ನಿಧಾನ, ಗುರಿ ತಪ್ಪೋದೂ ಜಾಸ್ತಿ. ಎದುರಾಳಿ ಊರುಗಳಲ್ಲಿ ಜನ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಿ ಅವನನ್ನು ಕೆಣಕುತ್ತಿದ್ದರು. ಆ ರಾತ್ರಿ 19ರಲ್ಲಿ 17 ಹಾಕಿದ. ಪ್ರತಿ ಸಲ ಅವನು ಗೆರೆ ಹತ್ತಿರ ಬಂದಾಗ ಪಕ್ಕದ ಅಪರಿಚಿತ ಹೆಂಗಸು ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು, ಚೆಂಡು ಒಳಗೆ ಬಿದ್ದ ಮೇಲೆ ಬಿಡುತ್ತಿದ್ದರು. ಒಟ್ಟು 50 ಅಂಕ. 105-98. ಐವತ್ತು ವರ್ಷದ ಮೇಲೆ ಕಪ್.

ನೀಲಿ ಸ್ವೆಟರ್:

ಓದುತ್ತಾ ಮೈ ಜುಮ್ ಅಂತು.

ಹೇಮಾವತಿ ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಸುದ್ದಿ ಹೇಳಬೇಕು. ಮೊನ್ನೆ ಭಾನುವಾರ ಅಜ್ಜ ನಮ್ಮನ್ನು ಬ್ರೂವರ್ಸ್ ಪಂದ್ಯಕ್ಕೆ ಕರೆದುಕೊಂಡು ಹೋದರು. ಎರಡು ಗಂಟೆ ಮುಂಚೆಯೇ ಹೊರಟೆವು. ಪಾರ್ಕಿಂಗ್ ತುಂಬಾ ಒಲೆಗಳು, ಸಾಸೇಜ್ ಸುಡುವ ಹೊಗೆ. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಅಜ್ಜ ಎರಡು ಸಲ ಹಾಕಿಸಿಕೊಂಡರು, ಕಡಲೆಬೀಜ ಎಲ್ಲಾ ಆರಿಸಿ ಮೊದಲು ತಿಂದರು.

ಊಟ ಆದ ಮೇಲೆ "ಬಾ" ಅಂತ ಮಗಳ ಕೈ ಹಿಡಿದು ಕಾರುಗಳ ಸಾಲಿನ ಮಧ್ಯೆ ನಡೆದರು. ಹಳೇ ಕೌಂಟಿ ಸ್ಟೇಡಿಯಂ ಇದ್ದ ಜಾಗದಲ್ಲಿ ಈಗ ಮಕ್ಕಳ ಪುಟ್ಟ ಮೈದಾನ ಇದೆ. ಅದನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ಪಾರ್ಕಿಂಗ್‌ನಲ್ಲೇ ಒಂದು ಲೋಹದ ಫಲಕ. ಆರನ್‌ನ 755ನೇ ಚೆಂಡು ಬಿದ್ದ ಜಾಗ. ಅಜ್ಜ ಟೋಪಿ ತೆಗೆದು ಮಗಳ ತಲೆ ಮೇಲಿಟ್ಟರು. ಕಿವಿ ಮುಚ್ಚುವಷ್ಟು ದೊಡ್ಡದು ಅವಳಿಗೆ. ಪಂದ್ಯ ಮುಗಿಯುವವರೆಗೂ ತೆಗೆಯಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೇವೆ. ಯಾರಾದರೂ ಬರೋದಾದರೆ ಇಲ್ಲೇ ತಿಳಿಸಿ. ಆ ಫಲಕದ ಹತ್ತಿರವೇ ಸೇರೋಣ, ಪುಳಿಯೋಗರೆ ಜಾಸ್ತಿ ಮಾಡಿ ತರ್ತೀನಿ.

ಮೂವತ್ತು ಚಳಿಗಾಲ:

ನಾವು ಇಬ್ಬರು ಬರ್ತೀವಿ ತಂಗಿ. ಮೊಸರನ್ನ ನಮ್ಮ ಕಡೆಯಿಂದ.